ಲಸಿಕೆಯೂ ಒಂದು ದಿನದ ಪಗಾರವೂ
(ವಿಜಯಪುರದಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೋವಿಡ್ ಬೇನೆಯ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಕಚೇರಿಯ ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮ ಓಣಿಗಳ ಬಾಕಿ ಇನ್ನೂ ಉಳಿದಿದೆ. ಆ ಬೇನೆಯ ಗದ್ದಲದಲ್ಲಿ ಕೂಸುಗಳ ಎಂದಿನ ಲಸಿಕೆಗಳು ಹಿಂದೆ ಬಿದ್ದವು. 2021ರ ಒಂದೇ ವರ್ಷದಲ್ಲಿ ಜಗತ್ತಿನ 2.5 ಕೋಟಿ ಮಕ್ಕಳಿಗೆ ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮುಗಳ ಲಸಿಕೆ ಪೂರ್ತಿಯಾಗಿ ಸಿಗಲಿಲ್ಲ. 2022ರ ಕೊನೆಗೆ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಬಡವರ ಮಕ್ಕಳು ಸತ್ತರು. ಅದೇ ಮುಂಬಯಿಗೆ ನಮ್ಮ ಜಿಲ್ಲೆಯ ಜನ ದುಡಿಯಲು ಹೋಗಿ ಬರುತ್ತಾರೆ. ರೋಗಕ್ಕೆ ಗಡಿ ನಾಕೆಯಿಲ್ಲ.

"ಜನ ಅಜ್ಞಾನಿಗಳು, ಅದಕ್ಕೇ ಲಸಿಕೆಗೆ ಬರುವುದಿಲ್ಲ" ಎಂದು ದೊಡ್ಡವರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಆಫ್ರಿಕದ ನೈಜೀರಿಯಾ ದೇಶದ ಕಾನೊ ಪ್ರಾಂತವನ್ನು ನೋಡಿರಿ. 1996ರಲ್ಲಿ ಅಲ್ಲಿ ಮಿದುಳುಜ್ವರ ಹಬ್ಬಿದಾಗ ಅಮೆರಿಕದ ಫೈಜರ್ ಕಂಪನಿ ತನ್ನ ಹೊಸ ಔಷಧವನ್ನು ಮಕ್ಕಳ ಮೇಲೆ ಪರೀಕ್ಷಿಸಿತು. ತಮ್ಮ ಒಪ್ಪಿಗೆ ಪಡೆದಿರಲಿಲ್ಲವೆಂದು ತಾಯಿತಂದೆಗಳು ದೂರಿದರು; ಕಂಪನಿ ಅಲ್ಲಗಳೆಯಿತು; 2009ರಲ್ಲಿ ಪ್ರಾಂತದೊಡನೆ ರಾಜಿಯಾಯಿತು. ಆ ಗಾಯ ಮಾಯುವ ಮೊದಲೇ, 2003ರಲ್ಲಿ, ಪೋಲಿಯೊ ಹನಿಯಿಂದ ಬಂಜೆತನ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿತು. ಜನ ನಂಬಿದರು, ಹನಿ ಹಾಕುವ ಕೆಲಸ ನಿಂತಿತು, ರೋಗ ಅನೇಕ ದೇಶಗಳಿಗೆ ಹರಡಿತು. ಊರ ಹಿರಿಯರೇ ಮುಂದೆ ನಿಂತು ಲಸಿಕೆಯನ್ನು ಪರೀಕ್ಷಿಸಿ ಒಪ್ಪಿದ ಮೇಲೆ 2004ರಲ್ಲಿ ಕೆಲಸ ಮತ್ತೆ ಸಾಗಿತು. 2020ರಲ್ಲಿ ಆಫ್ರಿಕ ಕಾಡು ಪೋಲಿಯೊದಿಂದ ಮುಕ್ತವಾಯಿತೆಂಬ ಘೋಷಣೆಯೂ ಬಂದಿತು. ಸುದ್ದಿ ಸುಳ್ಳಾಗಿತ್ತು, ಆದರೆ ಜನರ ಸಂಶಯಕ್ಕೆ ಕಾರಣವಿತ್ತು. ನಂಬಿಗೆಯನ್ನು ಹುಕುಮಿನಿಂದ ತರಲಾಗದು.

ನಮ್ಮಲ್ಲಿ ನಂಬಿಗೆಯ ಜೊತೆಗೆ ಹೊತ್ತಿನ ಪ್ರಶ್ನೆಯೂ ಇದೆ. ತಿಕೋಟಾದ ದ್ರಾಕ್ಷಿ ತೋಟಕ್ಕೆ, ಬಬಲೇಶ್ವರದ ಕಬ್ಬಿನ ಹೊಲಕ್ಕೆ ಹೋಗುವ ತಾಯಿ ಹಗಲು ಕೂಸನ್ನು ಎತ್ತಿಕೊಂಡು ಲಸಿಕೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಸೂಜಿಮದ್ದು ಪುಕ್ಕಟೆ, ಆದರೆ ಅವಳಿಗೆ ಅದರ ಬೆಲೆ ಒಂದು ದಿನದ ಊಟ. ಮರುದಿನ ಕೂಸಿಗೆ ಜ್ವರ ಬಂದರೆ ಇನ್ನೊಂದು ದಿನ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸಂಜೆ ಹೊತ್ತಿಗೂ ಸಂತೆಯ ದಿನವೂ ಲಸಿಕೆ ಸಿಗಲಿ. ಕೂಸಿನ ಲಸಿಕೆಯ ದಿನ ಗಿರಣಿ ಮಾಲಕರು ಪಗಾರಸಹಿತ ರಜೆ ಕೊಡಲಿ. ಬಿಸಿಲಲ್ಲಿ ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರಿಗೆ ಗೌರವಧನದ ಬದಲು ನ್ಯಾಯವಾದ ಪಗಾರ ಸಿಗಲಿ.

ಬೇಡಿದಷ್ಟಕ್ಕೆ ನಮ್ಮ ಕೆಲಸ ತೀರದು. ಪ್ರತಿ ಮನೆಯಲ್ಲೂ ತಾಯಿ ಕಾರ್ಡನ್ನು ತೆಗೆದು ನೋಡಿರಿ. ದಡಾರದ ಮೊದಲ ಲಸಿಕೆ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ತಪ್ಪಿದ್ದರೆ 5 ವರ್ಷದವರೆಗೂ ಹಾಕಿಸಬಹುದು. ದುಡಿಯಲು ಪರ ಊರಿಗೆ ಹೋಗುವವರು ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಿರಿ. ಯಾವ ಸರಕಾರಿ ದವಾಖಾನೆಯಲ್ಲಾದರೂ ಲಸಿಕೆ ಹಾಕುತ್ತಾರೆ. ಅಂಗಡಿಕಾರ ಮಿತ್ರರೆ, ನಿಮ್ಮ ಕಟ್ಟೆಯ ಮೇಲೆ ಊರ ಸುದ್ದಿಯೆಲ್ಲ ಬರುತ್ತದೆ. ಸುಳ್ಳು ಸುದ್ದಿಯನ್ನು ಅಲ್ಲಿಯೇ ತಡೆಯಿರಿ.

ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. ಬಸ್ ನಿಲ್ದಾಣಕ್ಕೆ, ಇಟ್ಟಿಗೆ ಭಟ್ಟಿಗೆ, ಗುಡಿಸಲಿಗೆ ಹನಿ ತಾನೇ ನಡೆದು ಹೋದದ್ದರಿಂದ ಆ ಗೆಲುವು ಬಂದಿತು. ದುಡಿಯುವವರ ಬಾಗಿಲಿಗೆ ಲಸಿಕೆ ಮತ್ತೆ ನಡೆದು ಬರುವವರೆಗೆ ನಾವು ಕೇಳುತ್ತಲೇ ಇರೋಣ.