ಬಲೆಯಾಚೆಯ ರಣಹದ್ದು

ದನ ಸತ್ತರೆ ಆಕಾಶದಿಂದ ಇಳಿಯುತ್ತಿದ್ದ ರಣಹದ್ದುಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಂದು ನಮ್ಮ ಮೇಡ್ಲೇರಿ ಊರಿನ ಮಕ್ಕಳು ಅವನ್ನು ಹತ್ತಿರದಿಂದ ನೋಡಬೇಕೆಂದರೆ ಮೃಗಾಲಯದ ಬಲೆಯ ಈಚೆ ನಿಂತೇ ನೋಡಬೇಕು.

ನಿಂತು ನೋಡಿ, ಅವಸರ ಬೇಡ. ಬೋಳು ತಲೆ ಕುರೂಪವೆಂದು ಮುಖ ತಿರುಗಿಸುತ್ತೇವೆ. ಹೆಣದೊಳಗೆ ತಲೆ ತೂರಿಸಿ ಉಣ್ಣುವ ಹಕ್ಕಿಗೆ ಅಲ್ಲಿ ಗರಿಯಿದ್ದರೆ ಕೊಳೆ ಅಂಟುತ್ತದೆ. ಬಿಸಿಲೇರಿದಾಗ ಮೈಶಾಖ ಇಳಿಸಲೂ ಆ ಬರಿಯ ಚರ್ಮವೇ ನೆರವು. ತೊಟ್ಟಿಯಲ್ಲಿ ನೀರಿದ್ದರೆ ಮನಸಾರೆ ಮೀಯುತ್ತದೆ, ಆಮೇಲೆ ರೆಕ್ಕೆ ಹರವಿ ಬಿಸಿಲಿಗೆ ನಿಲ್ಲುತ್ತದೆ. ಹೊಟ್ಟೆತುಂಬ ತಿಂದಾಗ ಕತ್ತಿನ ಬುಡದ ಚೀಲ ಉಬ್ಬುತ್ತದೆ. ಜೋಡಿಯಾದವು ಒಂದರ ಗರಿ ಇನ್ನೊಂದು ಸವರುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ. ಅದಕ್ಕೆ ಗಂಡೂ ಕಾವು ಕೊಡುತ್ತದೆ. ಈ ಸಂಗತಿ ನನಗೆ ಬಹಳ ಪ್ರೀತಿಯದು.

ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಪಡೆದ ದನದ ಹೆಣ ತಿಂದು, ಮೂತ್ರಪಿಂಡ ಕೆಟ್ಟು ಇವು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಭಾರತ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಾರೆ. ಅಮೆರಿಕದಲ್ಲೂ ಹೀಗೆಯೇ ಮಾಡಿದರು: 1987ರಲ್ಲಿ ಅಲ್ಲಿನ ರಣಹದ್ದುಗಳಾದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳು ಉಳಿದಿದ್ದೇ 27, ಎಲ್ಲವೂ ಪಂಜರದಲ್ಲಿ. ಮರಿಗಳು ಮನುಷ್ಯರಿಗೆ ಒಗ್ಗಬಾರದೆಂದು ಕಾಂಡೋರ್ ತಲೆಯ ಕೈಗೊಂಬೆಯಿಂದ ಉಣಿಸಿ ಬೆಳೆಸಿದರು; 1992ರಿಂದ ಮತ್ತೆ ಬಾನಿಗೆ ಬಿಟ್ಟರು.

ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಕೆಲವೇ ಉಳಿದಿವೆ. 2012ರಲ್ಲಿ ಅದು ರಣಹದ್ದು ಅಭಯಧಾಮವಾಯಿತು. ಕುರಿ, ದನ ಕಟ್ಟಿಕೊಂಡವರೇ, ನೋವಿಗೆ ಇಂಜೆಕ್ಷನ್ ಹಾಕಿಸುವಾಗ ರಣಹದ್ದಿಗೆ ಕೇಡಾಗದ ಮೆಲಾಕ್ಸಿಕಾಮ್ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿ.