ಹಳೆಯ ಪರದೆಯೂ ಪರದೇಶದ ಚಿತ್ರವೂ

ನಿಮ್ಮ ಮನೆಯ ಅಟ್ಟದಲ್ಲೋ ಕಬ್ಬಿಣದ ಪೆಟ್ಟಿಗೆಯ ತಳದಲ್ಲೋ ಒಂದೆರಡು ಹಳೆಯ ವೀಡಿಯೋ ಕ್ಯಾಸೆಟ್ಟುಗಳು ಬಿದ್ದಿರಬಹುದು. ಕೊಡಗಿನಲ್ಲಿ ಅಂಥ ಮನೆಗಳು ಕಡಿಮೆಯೇನಲ್ಲ. ಒಬ್ಬ ಮಗ ಸೈನ್ಯದಲ್ಲಿ, ಇನ್ನೊಬ್ಬ ದುಬೈಯಲ್ಲಿ, ಸೋದರಳಿಯ ಅಮೆರಿಕದಲ್ಲಿ. ರಜಕ್ಕೆ ಬಂದವರು ತಂದದ್ದರಲ್ಲಿ ಅರ್ಧ ಚಾಕೊಲೇಟು, ಅರ್ಧ ಯಂತ್ರ. ಆ ಕ್ಯಾಸೆಟ್ಟು ಕೆಟ್ಟಿದೆಯೆಂದು ಎಂದೋ ಯಾರೋ ಹೇಳಿದ ಮಾತನ್ನು ನಂಬಿ ಅದನ್ನು ಎಸೆಯುವ ಮುನ್ನ, ನೀವು ನನ್ನ ಮಾತನ್ನು ಸ್ವಲ್ಪ ಕೇಳಬೇಕೆಂದು ಕೋರುತ್ತೇನೆ.

ಮಡಿಕೇರಿಗೆ ಸಮೀಪದ ಒಂದು ತೋಟದ ಮನೆಯಲ್ಲಿ ನಡೆದ ಸಂಗತಿ ಇದು. ೧೯೯೨ರ ಹುತ್ತರಿಗೆ ಅಮೆರಿಕದಿಂದ ಬಂದ ಸೋದರಳಿಯ, ಮಂದಿನಲ್ಲಿ ನಡೆದ ಕೋಲಾಟವನ್ನು ತನ್ನ ಕ್ಯಾಮೆರಾದಲ್ಲಿ ಹಿಡಿದು ಕ್ಯಾಸೆಟ್ಟನ್ನು ಮನೆಯವರಿಗೆ ಕೊಟ್ಟು ಹೋದ. ಅದರಲ್ಲಿ ಮನೆಯ ಅಜ್ಜ ಇದ್ದರು. ಮರುವರ್ಷ ಅವರು ತೀರಿಕೊಂಡರು. ಗಲ್ಫಿನಿಂದ ತಂದಿದ್ದ ವಿ.ಸಿ.ಆರ್.ಗೆ ಕ್ಯಾಸೆಟ್ಟು ಹಾಕಿ ನೋಡಿದರೆ, ಮನೆಯ ಕಲರ್ ಟಿ.ವಿ.ಯಲ್ಲಿ ಚಿತ್ರ ನಿಲ್ಲದೆ ಉರುಳುತ್ತಿತ್ತು. ಬಣ್ಣವಂತೂ ಹೆಸರಿಗೂ ಇಲ್ಲ. ಅಜ್ಜನ ಕರಿಯ ಕುಪ್ಯದ ಮೇಲಿನ ಕೆಂಪು ಚೇಲೆ ಬೂದಿಯ ಪಟ್ಟಿಯಂತೆ ಕಾಣುತ್ತಿತ್ತು. ರಿಪೇರಿಯವರೊಬ್ಬರು ನೋಡಿ, ಟೇಪು ಹೋಗಿದೆ ಎಂದರು. ಕ್ಯಾಸೆಟ್ಟು ಪೆಟ್ಟಿಗೆ ಸೇರಿತು.

ಟೇಪಿಗೆ ಏನೂ ಆಗಿರಲಿಲ್ಲ. ಅದು ಬೇರೊಂದು ದೇಶದ ಲೆಕ್ಕದಲ್ಲಿ ಬರೆದ ಚಿತ್ರವಾಗಿತ್ತು, ಅಷ್ಟೆ.

ಹಳೆಯ ಟಿ.ವಿ.ಯ ಗಾಜಿನ ಪರದೆಯ ಮೇಲೆ ಚಿತ್ರವನ್ನು ಗೆರೆಗೆರೆಯಾಗಿ ಬರೆಯುತ್ತಾರೆ ಎಂಬುದನ್ನು ನೀವು ಬಲ್ಲಿರಿ. ನಮ್ಮ ದೇಶದಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ದೂರದರ್ಶನ ಪ್ರಾರಂಭವಾದಾಗ ಒಂದು ಚಿತ್ರಕ್ಕೆ ೬೨೫ ಗೆರೆಗಳ ಪದ್ಧತಿಯನ್ನು ಇಟ್ಟುಕೊಂಡರು. ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು. ಹೀಗೆ ಸೆಕೆಂಡಿಗೆ ೫೦ ಅರೆ ಚಿತ್ರಗಳು. ನಮ್ಮ ವಿದ್ಯುತ್ತೂ ಸೆಕೆಂಡಿಗೆ ೫೦ ಆವರ್ತನದ್ದೇ. ಅಮೆರಿಕದಲ್ಲಿ ವಿದ್ಯುತ್ತು ೬೦ ಆವರ್ತನದ್ದು. ಅಲ್ಲಿ ೫೨೫ ಗೆರೆಗಳು, ಸೆಕೆಂಡಿಗೆ ಸುಮಾರು ೬೦ ಅರೆ ಚಿತ್ರಗಳು. ಐವತ್ತರ ತಾಳಕ್ಕೆ ಒಗ್ಗಿದ ಸೆಟ್ಟಿಗೆ ಅರವತ್ತರ ಹಾಡು ಹಾಕಿದರೆ ಅದು ತಬ್ಬಿಬ್ಬಾಗುವುದು ಸಹಜವಷ್ಟೆ. ಹಿಂಬದಿಯಲ್ಲಿ ತಿರುಪು ಇರುವ ಹಳೆಯ ಸೆಟ್ಟುಗಳಲ್ಲಿ ಅದನ್ನು ಮೆಲ್ಲನೆ ತಿರುಗಿಸಿ ಚಿತ್ರವನ್ನು ನಿಲ್ಲಿಸಲು ಸಾಧ್ಯವಿತ್ತು. ನಿಂತರೂ ಅದು ಸ್ವಲ್ಪ ಗಿಡ್ಡವಾಗಿಯೇ ನಿಲ್ಲುತ್ತಿತ್ತು.

ಬಣ್ಣದ್ದು ಬೇರೆಯೇ ಕತೆ. ಅಮೆರಿಕದವರು ೧೯೫೩ರಲ್ಲಿ ಒಪ್ಪಿದ ಬಣ್ಣದ ಪದ್ಧತಿಗೆ ಎನ್.ಟಿ.ಎಸ್.ಸಿ. ಎಂದು ಹೆಸರು. ದಾರಿಯಲ್ಲಿ ಸಂಕೇತ ತುಸು ಕದಲಿದರೂ ಅದರಲ್ಲಿ ಮುಖದ ಬಣ್ಣ ಹಸಿರಿಗೋ ಕೆನ್ನೀಲಿಗೋ ಜಾರುತ್ತಿತ್ತು. ಒಂದೇ ಬಣ್ಣ ಎರಡು ಸಲ ಬಾರದು ಎಂದು ಎಂಜಿನಿಯರುಗಳೇ ಆ ನಾಲ್ಕಕ್ಷರಕ್ಕೆ ತಮಾಷೆಯ ಅರ್ಥ ಹೇಳುತ್ತಿದ್ದರು. ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರುಖ್ ಎಂಬವರು ಪಕ್ಕಪಕ್ಕದ ಗೆರೆಗಳಲ್ಲಿ ಬಣ್ಣದ ಸಂಕೇತವನ್ನು ತಿರುವುಮುರುವು ಮಾಡಿ, ಒಂದರ ತಪ್ಪನ್ನು ಇನ್ನೊಂದು ಅಳಿಸುವಂತೆ ಏರ್ಪಡಿಸಿದರು. ಇದೇ ಪಾಲ್ ಪದ್ಧತಿ. ೧೯೮೨ರಲ್ಲಿ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಆರಿಸಿಕೊಂಡದ್ದು ಇದನ್ನೇ. ಫ್ರಾನ್ಸು ಮತ್ತು ಸೋವಿಯತ್ ದೇಶಗಳದು ಸೆಕಾಂ ಎಂಬ ಮೂರನೆಯ ದಾರಿ. ನಮ್ಮ ಕತೆಗೆ ಅದು ಅಷ್ಟಾಗಿ ಬೇಕಿಲ್ಲ.

ಆದ್ದರಿಂದ ಯಾವುದೇ ಹಳೆಯ ಪರದೆಯ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಚಿತ್ರ ನಿಲ್ಲುತ್ತದೆಯೇ? ಬಣ್ಣ ಬರುತ್ತದೆಯೇ? ಮೊದಲನೆಯದು ತಾಳದ ಪ್ರಶ್ನೆ, ಎರಡನೆಯದು ಭಾಷೆಯ ಪ್ರಶ್ನೆ. ಆ ರಿಪೇರಿಯವರು ಇವೆರಡನ್ನೂ ಕಲಸಿಬಿಟ್ಟಿದ್ದರು.

ಈ ಸಲ ಮನೆಯವರು ಪೆಟ್ಟಿಗೆ ತೆರೆದಾಗ ನಾವು ಸಿಕ್ಕ ಪರದೆಗಳನ್ನೆಲ್ಲ ಒಂದೊಂದಾಗಿ ಜೋಡಿಸಿ ನೋಡಿದೆವು. ಮೊಮ್ಮಗ ಮೊದಲು ಹೊತ್ತು ತಂದದ್ದು ತೊಂಬತ್ತರ ದಶಕದ ದಪ್ಪ ಕಂಪ್ಯೂಟರ್ ಮಾನಿಟರು. ಅದು ಎಷ್ಟು ಚೊಕ್ಕಟವಾಗಿದ್ದರೂ ಈ ಕೆಲಸಕ್ಕೆ ಬಾರದು. ಟಿ.ವಿ. ಚಿತ್ರದಲ್ಲಿ, ಪದ್ಧತಿ ಯಾವುದಾದರೂ ಆಗಲಿ, ಸೆಕೆಂಡಿಗೆ ಹೆಚ್ಚುಕಡಿಮೆ ಹದಿನೈದೂವರೆ ಸಾವಿರ ಗೆರೆಗಳು, ವಿ.ಜಿ.ಎ. ಮಾನಿಟರು ಅದರ ಎರಡರಷ್ಟಕ್ಕಿಂತ ಕಡಿಮೆಗೆ ಇಳಿಯುವುದಿಲ್ಲ. ಅದರ ಸಾಕೆಟ್ಟಿಗೂ ಇದರ ವೈರಿಗೂ ಹೊಂದಿಕೆಯೇ ಇಲ್ಲ.

ಎರಡನೆಯದು ಕಮೊಡೋರ್ ೧೦೮೪, ಇಂಗ್ಲೆಂಡಿನಲ್ಲಿದ್ದ ಬಂಧುಗಳೊಬ್ಬರು ಅಮಿಗಾ ಕಂಪ್ಯೂಟರಿನೊಡನೆ ತಂದದ್ದು. ನನಗೆ ಇದರ ಮೇಲೆ ಸ್ವಲ್ಪ ಮೋಹವಿದೆ, ಮುಚ್ಚಿಡುವುದೇಕೆ! ಕಂಪ್ಯೂಟರಿನಿಂದ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಗಳಲ್ಲಿ ಬಂದಾಗ ಪಾಲ್ ಇಲ್ಲ, ಎನ್.ಟಿ.ಎಸ್.ಸಿ. ಇಲ್ಲ, ಬಿಡಿಸಬೇಕಾದ ಒಗಟೇ ಇಲ್ಲ. ಅಮೆರಿಕದ ಕಂಪ್ಯೂಟರನ್ನೂ ಅದು ಬಣ್ಣದಲ್ಲಿಯೇ ತೋರಿಸುತ್ತದೆ. ಆದರೆ ವಿ.ಸಿ.ಆರ್. ಕೊಡುವುದು ಎಲ್ಲ ಬಣ್ಣಗಳನ್ನೂ ಒಂದರಲ್ಲಿಯೇ ಬೆರೆಸಿದ ತಂತಿ. ಅದನ್ನು ಸಿಕ್ಕಿಸಿದಾಗ ಕೋಲಾಟ ನಿಂತಿತು, ಸ್ಪಷ್ಟವಾಗಿಯೇ ನಿಂತಿತು. ಚೇಲೆ ಮಾತ್ರ ಬೂದಿಯಾಗಿಯೇ ಉಳಿಯಿತು. ಇಂಗ್ಲೆಂಡಿನ ಆ ಮಾದರಿಗೆ ಪಾಲ್ ಒಂದೇ ಗೊತ್ತು.

ಮೂರನೆಯದನ್ನು ಮದುವೆಗಳ ವೀಡಿಯೋ ತೆಗೆಯುತ್ತಿದ್ದ ಪರಿಚಿತರಿಂದ ಎರವಲು ತಂದೆವು. ಸೋನಿಯ ಪಿ.ವಿ.ಎಂ. ಸಾಲಿನ ಟ್ರಿನಿಟ್ರಾನ್ ಮಾನಿಟರು, ಸಣ್ಣ ಪರದೆ, ಕಲ್ಲಿನ ಭಾರ. ಈ ಸಾಲಿನ ಎಲ್ಲವೂ ಎಲ್ಲ ಪದ್ಧತಿಗಳಿಗೆ ಒಗ್ಗುವುದಿಲ್ಲ; ಹಿಂಬದಿಯ ಫಲಕವನ್ನು ಓದಿ ನೋಡಬೇಕು. ಇದರಲ್ಲಿ ಮೂರೂ ಹೆಸರುಗಳಿದ್ದವು. ಗುಂಡಿ ಒತ್ತಿದೆವು. ಚೇಲೆ ಕೆಂಪಾಯಿತು. ಅಜ್ಜ ಕೋಲು ಎತ್ತಿ ನಕ್ಕರು. ಮನೆಯ ಹಿರಿಯ ಮಗಳು ಅಷ್ಟು ಹೊತ್ತೂ ಮಾತಾಡದೆ ಕುಳಿತಿದ್ದವರು, "ಅಣ್ಣ, ಇನ್ನೊಂದು ಸಲ ಹಿಂದಕ್ಕೆ ತಿರುಗಿಸಿ" ಎಂದರು.

ನೀವು ಇಂಥ ಪ್ರಯತ್ನಕ್ಕೆ ಕೈ ಹಾಕುವುದಾದರೆ ಕೆಲವು ಮಾತುಗಳು. ವಿ.ಸಿ.ಆರ್.ಗೂ ಎನ್.ಟಿ.ಎಸ್.ಸಿ. ಬರಬೇಕು, ಅಮೆರಿಕದ ಟೇಪು ಸೆಕೆಂಡಿಗೆ ಸುಮಾರು ೩೩ ಮಿಲಿಮೀಟರ್ ಓಡುತ್ತದೆ, ನಮ್ಮದು ೨೩. ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿ ಹಳದಿ ಸಾಕೆಟ್ಟು ಇದ್ದರೆ ಅನೇಕವು ಎರಡೂ ಪದ್ಧತಿಗಳನ್ನು ತೋರಿಸಬಲ್ಲವು. ನೋಡಲು ಅಷ್ಟೇ ಸಾಕು. ಕಂಪ್ಯೂಟರಿಗೆ ಪ್ರತಿ ಮಾಡಿಸುವಾಗ ಮಾತ್ರ ಅಲ್ಲಿಯೂ ಎನ್.ಟಿ.ಎಸ್.ಸಿ. ಎಂದು ಗೊತ್ತುಮಾಡಿರಿ, ಇಲ್ಲವಾದರೆ ಬೂದಿಯ ಚೇಲೆಯೇ ಶಾಶ್ವತವಾಗಿ ಪ್ರತಿಯಾದೀತು. ಗಾಜಿನ ಪರದೆಯ ಹಳೆಯ ಸೆಟ್ಟಿನ ಬೆನ್ನನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ಗು ಕಿತ್ತಮೇಲೂ ಒಳಗೆ ಸಾವಿರಾರು ವೋಲ್ಟು ಉಳಿದಿರಬಹುದು.

ಆ ಪೆಟ್ಟಿಗೆಯಲ್ಲಿ ಇನ್ನೊಂದು ಕ್ಯಾಸೆಟ್ಟೂ ಇತ್ತು. ಅದರ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಕಂಡಿತು, ನಮ್ಮ ಮಳೆಗಾಲದ ಕೊಡುಗೆ. ಅದನ್ನು ಯಂತ್ರಕ್ಕೆ ಹಾಕಿದರೆ ಬೂಷ್ಟು ಯಂತ್ರಕ್ಕೆ ಹತ್ತಿ, ಅಲ್ಲಿಂದ ಅಜ್ಜನ ಟೇಪಿಗೂ ಹರಡುತ್ತದೆ. ಹಾಕಲಿಲ್ಲ. ಬಿಗಿಯಾದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟು, ಶುಚಿ ಮಾಡಬಲ್ಲವರನ್ನು ಹುಡುಕುತ್ತಿದ್ದೇವೆ.