ಹಳ್ಳಿಯ ಆರೋಗ್ಯಕ್ಕೆ ಹಲವು ಕೈಗಳು



‘ಆಸ್ಪತ್ರೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣ ಮುಂದೆ ಏನು ಬಂದು ನಿಲ್ಲುತ್ತದೆ? ಬಿಳಿಯ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು, ಮೇಜಿನ ಹಿಂದೆ ಕುಳಿತ ವೈದ್ಯರು, ಅಲ್ಲವೇ? ಈ ಚಿತ್ರ ತಪ್ಪಲ್ಲ. ಆದರೆ ಅದು ಅರ್ಧ ಚಿತ್ರ. ರೋಗಿಯೊಬ್ಬ ವೈದ್ಯರ ಮುಂದೆ ಕುಳಿತಿರುವುದು ಐದೋ ಹತ್ತೋ ನಿಮಿಷ. ಉಳಿದ ದಿನಗಳನ್ನೆಲ್ಲ ಆತ ಕಳೆಯುವುದು ತನ್ನ ಮನೆಯಲ್ಲಿ, ಹೊಲದಲ್ಲಿ, ಕೂಲಿಯ ಕೆಲಸದಲ್ಲಿ. ಆ ದಿನಗಳಲ್ಲಿ ಅವನ ಚಿಕಿತ್ಸೆ ನಿಲ್ಲದಂತೆ ನೋಡಿಕೊಳ್ಳುವವರು ಯಾರು? ಇಂದು ನಾವು ಯೋಚಿಸಬೇಕಾದ ಪ್ರಶ್ನೆ ಇದು.

‘ಪ್ರಾಥಮಿಕ ಆರೋಗ್ಯ ಸೇವೆ’ ಎಂಬ ಹೆಸರಿನಿಂದಲೇ ಪ್ರಾರಂಭಿಸೋಣ. ಇಲ್ಲಿ ಪ್ರಾಥಮಿಕ ಎಂದರೆ ಕೆಳದರ್ಜೆಯದು ಎಂದು ಅರ್ಥವಲ್ಲ. ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿಯದವನು ಕಾಲೇಜಿಗೆ ಹೋಗಲಾರ. ಹಾಗೆಯೇ ಊರಿನ ಹತ್ತಿರದಲ್ಲಿ ಸಿಗುವ ಮೊದಲ ಹಂತದ ಆರೈಕೆ ಗಟ್ಟಿಯಾಗಿಲ್ಲದಿದ್ದರೆ ನಗರದ ದೊಡ್ಡ ಆಸ್ಪತ್ರೆಗಳಿಂದ ಹೆಚ್ಚಿನ ಪ್ರಯೋಜನವಾಗದು. ಈ ವಿಚಾರವನ್ನು ನಮ್ಮ ದೇಶದಲ್ಲಿ ವಿವರವಾಗಿ ಮುಂದಿಟ್ಟದ್ದು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ. 1943ರಲ್ಲಿ ನೇಮಕಗೊಂಡ ಈ ಸಮಿತಿ 1946ರಲ್ಲಿ ವರದಿ ನೀಡಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ವೈದ್ಯಕೀಯ ನೆರವು ತಪ್ಪಬಾರದು ಎಂಬುದು ಅದರ ಮೂಲ ತತ್ವ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತತೊಡಗಿದವು. 1978ರಲ್ಲಿ, ಆಗಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಆಲ್ಮಾ ಆಟಾ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಇದೇ ದಾರಿಯನ್ನು ಜಗತ್ತಿಗೆಲ್ಲ ಸಾರಿತು.

ಈಗ ನಮ್ಮ ಹಳ್ಳಿಗಳ ವ್ಯವಸ್ಥೆಯನ್ನು ನೋಡೋಣ. ಬಯಲುಸೀಮೆಯಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಗುಡ್ಡಗಾಡು ಮತ್ತು ಗಿರಿಜನ ಪ್ರದೇಶಗಳಲ್ಲಿ ಊರುಗಳು ಚದುರಿರುವುದರಿಂದ ಈ ಸಂಖ್ಯೆಗಳು 20,000 ಮತ್ತು 3,000. ಕೇಂದ್ರದಲ್ಲಿ ವೈದ್ಯಾಧಿಕಾರಿ, ಶುಶ್ರೂಷಕಿಯರು, ಔಷಧ ಕೊಡುವವರು, ಪ್ರಯೋಗಶಾಲೆಯ ತಂತ್ರಜ್ಞರು ಇರುತ್ತಾರೆ. ಉಪಕೇಂದ್ರದಲ್ಲಿ ಊರವರು ‘ಸಿಸ್ಟರ್’ ಎಂದೋ ‘ನರ್ಸಮ್ಮ’ ಎಂದೋ ಕರೆಯುವ ಆರೋಗ್ಯ ಸಹಾಯಕಿ ಇರುತ್ತಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದರು. ಇವರು ಅದೇ ಊರಿನ ಹೆಣ್ಣುಮಕ್ಕಳು. 2018ರಿಂದ ಈಚೆಗೆ ಅನೇಕ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆಯವರೂ ಸೇರಿದ್ದಾರೆ.

ಇಷ್ಟೆಲ್ಲ ಜನ ಏತಕ್ಕೆ? ಒಬ್ಬ ಒಳ್ಳೆಯ ವೈದ್ಯರಿದ್ದರೆ ಸಾಲದೇ? ಈ ಪ್ರಶ್ನೆಗೆ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳೇ ಒಮ್ಮೆ ಉತ್ತರ ಕೊಟ್ಟಿವೆ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವುದು ನಿಮಗೆ ತಿಳಿದಿರಬಹುದು. ಅದು ಸ್ಥಾಪನೆಯಾದದ್ದು 1959ರಲ್ಲಿ. ಆ ಕಾಲದಲ್ಲಿ ವಿದ್ಯಾವಂತರಲ್ಲಿ ಒಂದು ನಂಬಿಕೆ ಇತ್ತು: ಹಳ್ಳಿಯ ಜನ ಅಜ್ಞಾನಿಗಳು, ಕಾಯಿಲೆ ಬಂದರೂ ಅವರಿಗೆ ಗೊತ್ತಾಗದು, ಗೊತ್ತಾದರೂ ಆಸ್ಪತ್ರೆಗೆ ಬಾರರು ಎಂದು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಕ್ಷಯ ತಗುಲಿದವರ ಮನೆಗಳಿಗೇ ಹೋಗಿ ವಿಚಾರಿಸುವ ಏರ್ಪಾಡು ಮಾಡಿದರು. ಅವರ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣುಗಳಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲವೆಂಬ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದೇನು? ಹೆಚ್ಚಿನವರಿಗೆ ಒಂದು ಸೀಸೆ ಕೆಮ್ಮಿನ ಔಷಧ! ಕಫ ಪರೀಕ್ಷೆ ನಡೆಯಲೇ ಇಲ್ಲ.

ಮಿತ್ರರೇ, ಈ ಸಂಗತಿಯನ್ನು ನೀವು ಚೆನ್ನಾಗಿ ನೆನಪಿಡಬೇಕು. ರೋಗಿ ತನ್ನ ಪಾಲಿನ ಕೆಲಸ ಮಾಡಿದ್ದ. ದಿನದ ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಬಂದಿದ್ದ. ಅವನನ್ನು ಮುಂದಿನ ಹೆಜ್ಜೆಗೆ ಕೈಹಿಡಿದು ಕರೆದೊಯ್ಯುವ ಏರ್ಪಾಡು ಮಾತ್ರ ಅಲ್ಲಿ ಇರಲಿಲ್ಲ. ಕ್ಷಯಕ್ಕಾಗಿಯೇ ಬೇರೆ ಆಸ್ಪತ್ರೆಗಳನ್ನು ಕಟ್ಟಿದರೆ ಸಾಲದು, ಊರ ಹತ್ತಿರದ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಕಫ ಪರೀಕ್ಷೆಯೂ ಔಷಧವೂ ಸಿಗಬೇಕು ಎಂಬ ನೀತಿಗೆ ಈ ಬಗೆಯ ಅಧ್ಯಯನಗಳು ಬಲ ನೀಡಿದವು.

ಇದೇ ರೋಗವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂದು ತಂಡವೊಂದು ಹೇಗೆ ಕೆಲಸ ಮಾಡಬೇಕೆಂಬುದನ್ನು ಹಂತಹಂತವಾಗಿ ನೋಡೋಣ. ಒಂದು ಹಳ್ಳಿ, ಅಲ್ಲೊಬ್ಬ ಕೂಲಿಯಾಳು. ಅವನಿಗೆ ಎರಡು ವಾರ ಮೀರಿದರೂ ಕೆಮ್ಮು ಬಿಟ್ಟಿಲ್ಲ, ಸಂಜೆಯಾದರೆ ಮೈ ಬಿಸಿ, ದಿನೇದಿನೇ ತೂಕ ಇಳಿಯುತ್ತಿದೆ. ಇದನ್ನು ಮೊದಲು ಗಮನಿಸುವವರು ಯಾರು? ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ, ಯಾರು ಕೆಲಸಕ್ಕೆ ಹೋಗಿಲ್ಲ ಎಂಬುದು ಆಕೆಗೆ ತಿಳಿದಷ್ಟು ವೈದ್ಯರಿಗೆ ತಿಳಿಯಲಾರದು. “ಅಣ್ಣಾ, ಇದು ಬರಿಯ ನೆಗಡಿ ಕೆಮ್ಮಲ್ಲ, ಒಮ್ಮೆ ಕಫ ತೋರಿಸಿಬಿಡಿ” ಎಂದು ಆಕೆ ಹೇಳಿದಾಗ ಆತ ಕೇಳುತ್ತಾನೆ. ಏಕೆಂದರೆ ಆಕೆ ಅದೇ ಊರಿನವಳು.

ಮುಂದಿನ ಕೆಲಸ ಪ್ರಯೋಗಶಾಲೆಯದು. ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಅಥವಾ ಮಾದರಿಯನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸುತ್ತಾರೆ. ಈಗ ಬಂದಿರುವ ಹೊಸ ಯಂತ್ರಗಳು ರೋಗಾಣುವಿನ ವಂಶವಾಹಿಯನ್ನೇ ಗುರುತಿಸಿ, ಮುಖ್ಯ ಔಷಧವೊಂದಕ್ಕೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ಹೇಳಬಲ್ಲವು. ಫಲಿತಾಂಶ ನೋಡಿ ವೈದ್ಯರು ಚಿಕಿತ್ಸೆ ನಿಗದಿ ಮಾಡುತ್ತಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಬಳಿಕ ನಾಲ್ಕು ತಿಂಗಳು ಮೂರು ಔಷಧಗಳು. ಇದು ಉಚಿತ.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿಂದ. ಗುಳಿಗೆ ನುಂಗಿದ ಮೊದಲ ದಿನವೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧದ ಬಣ್ಣ, ಗಾಬರಿ ಬೇಡ ಎಂದು ಔಷಧ ಕೊಡುವವರು ಮೊದಲೇ ತಿಳಿಸಿರದಿದ್ದರೆ, ರಕ್ತ ಹೋಗುತ್ತಿದೆ ಎಂದು ಹೆದರಿ ಆತ ಅಂದೇ ಔಷಧ ಬಿಟ್ಟಾನು. ಕೆಲವು ವಾರ ಕಳೆಯುವಷ್ಟರಲ್ಲಿ ಕೆಮ್ಮು ತಗ್ಗುತ್ತದೆ, ಹಸಿವು ಹೆಚ್ಚುತ್ತದೆ, ಮೈಗೆ ಶಕ್ತಿ ಬರುತ್ತದೆ. “ವಾಸಿಯಾಯಿತಲ್ಲ, ಇನ್ನೇಕೆ ಗುಳಿಗೆ?” ಎಂಬ ಯೋಚನೆ ಬರುವುದು ಸಹಜ. ಆದರೆ ಅಳಿದುಳಿದ ರೋಗಾಣುಗಳು ಒಳಗೆ ಇನ್ನೂ ಇವೆ. ನಡುವೆ ಔಷಧ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲೂಬಹುದು. ಆಗ ಚಿಕಿತ್ಸೆ ಕಠಿಣವಾಗುತ್ತದೆ, ಮನೆಯವರಿಗೂ ಅಪಾಯ.

ಆದ್ದರಿಂದ ಈ ಆರು ತಿಂಗಳ ಉದ್ದಕ್ಕೂ ರೋಗಿಗೆ ಒಬ್ಬ ಬೆಂಬಲಿಗ ಬೇಕು. ಆತ ಆಶಾ ಕಾರ್ಯಕರ್ತೆಯಾಗಿರಬಹುದು, ಅಂಗನವಾಡಿಯ ಕಾರ್ಯಕರ್ತೆಯಾಗಿರಬಹುದು, ಚಿಕಿತ್ಸೆ ಮುಗಿಸಿ ಗುಣವಾದ ಇನ್ನೊಬ್ಬ ರೋಗಿಯೂ ಆಗಿರಬಹುದು. ರೋಗಿ ಒಪ್ಪುವ, ನಂಬುವ ವ್ಯಕ್ತಿಯಾಗಿರಬೇಕು ಎಂಬುದೇ ಮುಖ್ಯ. ಆರೋಗ್ಯ ಸಹಾಯಕಿ ಮನೆಯ ಉಳಿದವರನ್ನೂ ಪರೀಕ್ಷೆಗೆ ಕರೆತರುತ್ತಾರೆ. ಕ್ಷಯಕ್ಕೆ ಹೊಟ್ಟೆ ತುಂಬ ಊಟವೂ ಬೇಕಲ್ಲವೇ? ಅದಕ್ಕಾಗಿ 2018ರಿಂದ ಸರ್ಕಾರ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿ ನೀಡತೊಡಗಿತು; 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಯಿತು. ಬ್ಯಾಂಕಿನ ಖಾತೆಯೇ ಇಲ್ಲದವನಿಗೆ ಖಾತೆ ತೆರೆಸುವುದೂ ಚಿಕಿತ್ಸೆಯ ಒಂದು ಭಾಗ ಎಂಬುದನ್ನು ಗಮನಿಸಿ.

ಊರಿನ ತೇರನ್ನು ನೀವು ನೋಡಿದ್ದೀರಿ. ಹಗ್ಗ ಹಿಡಿದು ಎಳೆಯುವವರು ನೂರಾರು ಜನ. ಚಕ್ರದ ಅಡಿಗೆ ಮರದ ತುಂಡು ಕೊಟ್ಟು ತೇರು ದಾರಿ ತಪ್ಪದಂತೆ ನೋಡುವವರು ಇಬ್ಬರೋ ನಾಲ್ವರೋ. ಅವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಅವರಿಲ್ಲದೆ ತೇರು ಸುರಕ್ಷಿತವಾಗಿ ನೆಲೆ ಸೇರದು. ಆರೋಗ್ಯ ಕೇಂದ್ರದ ಕೆಳಹಂತದ ಸಿಬ್ಬಂದಿಯ ಕೆಲಸವೂ ಹೀಗೆಯೇ.

ಇನ್ನೊಂದು ಉದಾಹರಣೆಗೆ ಚಾಮರಾಜನಗರ ಜಿಲ್ಲೆಗೆ ಹೋಗೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಕಾಡಿನೊಳಗಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ನಡೆದೇ ಹೋಗಿ ಚಿಕಿತ್ಸೆ ನೀಡುವ ಕೆಲಸ ಅದು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗ ಹೆಚ್ಚಾಗಿತ್ತು. ಅದಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಕುಷ್ಠಕ್ಕೆ ಪರಿಣಾಮಕಾರಿಯಾದ ಬಹುಔಷಧ ಚಿಕಿತ್ಸೆ ಆ ವೇಳೆಗೆ ಬಂದಿತ್ತು. ಆದರೆ ಮಚ್ಚೆಯನ್ನು ಬಟ್ಟೆಯಲ್ಲಿ ಮರೆಮಾಡಿಕೊಂಡವನು ಆಸ್ಪತ್ರೆಗೆ ಬರುವುದುಂಟೇ? ಊರು ತನ್ನನ್ನು ದೂರವಿಟ್ಟೀತೆಂಬ ಭಯ ಅವನಿಗೆ. ಮನೆಮನೆಗೆ ಹೋಗಿ ಮಾತನಾಡಿಸಿ, ಅಂಜಿಕೆ ಕಳೆಯುವವರು ಬೇಕಾಗಿತ್ತು. 1996ರಲ್ಲಿ ಅದೇ ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನೂ ಈ ಟ್ರಸ್ಟ್ ವಹಿಸಿಕೊಂಡಿತು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ಸೋಲಿಗ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ಕೊಟ್ಟು ಆರೋಗ್ಯ ಸೇವೆಗೆ ತಂದದ್ದು ಅಲ್ಲಿಯ ಮುಖ್ಯ ಕೆಲಸಗಳಲ್ಲೊಂದು. ತನ್ನದೇ ಮಾತಿನಲ್ಲಿ ಕಾಯಿಲೆಯನ್ನು ಹೇಳಿಕೊಳ್ಳಬಹುದಾದರೆ ರೋಗಿಗೆ ಅರ್ಧ ಭಯ ಹೋಗುತ್ತದೆ.

ಹಾಗಾದರೆ ಕೆಲವು ಜನರನ್ನು ಒಂದು ಕಟ್ಟಡದಲ್ಲಿ ಕೂರಿಸಿದರೆ ಅದು ತಂಡವಾಗುತ್ತದೆಯೇ? ಆಗುವುದಿಲ್ಲ. ಅದಕ್ಕೆ ಮೂರು ಲಕ್ಷಣಗಳು ಬೇಕು. ಒಂದು, ಎಲ್ಲರೂ ನೋಡುವ ಒಂದೇ ದಾಖಲೆ. ಗರ್ಭಿಣಿಯರಿಗೆ ನಮ್ಮ ರಾಜ್ಯದಲ್ಲಿ ಕೊಡುವ ತಾಯಿ ಕಾರ್ಡನ್ನು ನೀವು ಮನೆಯಲ್ಲಿ ನೋಡಿರಬಹುದು. ತೂಕ, ರಕ್ತದೊತ್ತಡ, ಚುಚ್ಚುಮದ್ದು, ಎಲ್ಲವೂ ಅದರಲ್ಲಿ ಇರುತ್ತವೆ. ತಾಯಿ ಯಾವ ಆಸ್ಪತ್ರೆಗೆ ಹೋದರೂ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ. ಎರಡು, ಆಗಾಗ ಒಟ್ಟಿಗೆ ಕುಳಿತು ಮಾತನಾಡುವ ಅಭ್ಯಾಸ. “ಸಾರ್, ಆ ಮನೆಯವರು ಗುಳಿಗೆ ತಗೊಳ್ತಾ ಇಲ್ಲ” ಎಂದು ಆಶಾ ಕಾರ್ಯಕರ್ತೆ ಅಂಜದೆ ಹೇಳುವಂತಿರಬೇಕು. ವೈದ್ಯರು ಅದನ್ನು ಕಿವಿಗೊಟ್ಟು ಕೇಳಬೇಕು. ಮೂರು, ರೋಗಿಯ ಗುಟ್ಟನ್ನು ಕಾಪಾಡುವುದು. ಹಳ್ಳಿಯಲ್ಲಿ ಸುದ್ದಿ ಬೇಗ ಹಬ್ಬುತ್ತದೆ. ಒಮ್ಮೆ ನಂಬಿಕೆ ಹೋದರೆ ಮರಳಿ ಬರುವುದು ಕಷ್ಟ.

ಕೊರತೆಗಳನ್ನೂ ಹೇಳಲೇಬೇಕು. ಎಷ್ಟೋ ಕಡೆ ಹುದ್ದೆಗಳು ಖಾಲಿ ಬೀಳುತ್ತವೆ. ತಂತ್ರಜ್ಞರಿಲ್ಲದ ಕೇಂದ್ರದಲ್ಲಿ ಸೂಕ್ಷ್ಮದರ್ಶಕವಿದ್ದೂ ಫಲವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸಹಾಯಕಿ ಆಚೆ ದಡ ಸೇರಲಾರಳು. ಆಶಾ ಕಾರ್ಯಕರ್ತೆಯರಿಗೆ ಕಾಯಂ ನೌಕರರಂತೆ ವೇತನವಿಲ್ಲ. ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಅದನ್ನು ಹೆಚ್ಚಿಸಬೇಕೆಂದು ಅವರು ಕರ್ನಾಟಕದಲ್ಲಿ ಹಲವು ಬಾರಿ ಬೀದಿಗಿಳಿದು ಹೋರಾಡಿದ್ದಾರೆ. ಊರಿನ ಆರೋಗ್ಯದ ಭಾರ ಹೊರುವವರ ಮನೆಯ ಒಲೆಯೂ ಉರಿಯಬೇಕೆಂಬುದು ನ್ಯಾಯವಾದ ಮಾತೇ ಅಲ್ಲವೇ?

ಮುಂದಿನ ದಿನಗಳಲ್ಲಿ ಈ ತಂಡಗಳ ಅಗತ್ಯ ಇನ್ನೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಈಗ ಹಳ್ಳಿಗಳಲ್ಲೂ ಇವೆ. ಕ್ಷಯಕ್ಕೆ ಆರು ತಿಂಗಳಾದರೆ ಇವಕ್ಕೆ ಜೀವಮಾನವಿಡೀ ಜತೆಗಾರರು ಬೇಕು.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಊರಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಉಪಾಧ್ಯಾಯರೊಂದಿಗೆ ಹೋಗಿ ಬನ್ನಿ. ಅಲ್ಲಿ ಯಾವ ಯಾವ ಹುದ್ದೆಗಳಿವೆ, ಯಾವುದು ಖಾಲಿಯಿದೆ, ದೂರದ ಊರು ಎಷ್ಟು ಕಿಲೋಮೀಟರು, ಅಲ್ಲಿಗೆ ಬಸ್ಸಿದೆಯೇ ಎಂದು ಕೇಳಿ ಬರೆದುಕೊಳ್ಳಿ. ರೋಗಿಗಳ ಹೆಸರು ಮಾತ್ರ ಕೇಳಬೇಡಿ. ನಿಮ್ಮ ಮನೆಯಲ್ಲೇ ಎರಡು ವಾರ ಮೀರಿದ ಕೆಮ್ಮು ಯಾರಿಗಾದರೂ ಇದ್ದರೆ ಕಫ ಪರೀಕ್ಷೆಗೆ ಕರೆದೊಯ್ಯಿರಿ. ಅಜ್ಜ ಅಜ್ಜಿಯರು ದಿನದ ಗುಳಿಗೆ ಮರೆಯದಂತೆ ನೋಡಿಕೊಳ್ಳಿ. ಅಷ್ಟು ಮಾಡಿದರೆ ನೀವೂ ಆ ತಂಡಕ್ಕೆ ಸೇರಿದಂತೆಯೇ.